ನಂದಿದುರ್ಗ: ಕೋಟೆ, ಕಲ್ಯಾಣಿ ಮತ್ತು ತೋಟವನ್ನು ಅರಿತು ನೋಡುವ ಬಗೆ

2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟದ ಸಭೆ ನಂದಿ ಬೆಟ್ಟದ ಮೇಲೆ ನಡೆಯಿತು. ಅದಕ್ಕೂ ಮೊದಲಿನಿಂದ ಕೇಳಿಬರುತ್ತಿದ್ದ ರೋಪ್‌ವೇ ಯೋಜನೆಯ ಮಾತೂ ಜೊತೆಗೂಡಿ, ಚಿಕ್ಕಬಳ್ಳಾಪುರ ಜಿಲ್ಲೆಯ ಈ ಬೆಟ್ಟದ ಬಗ್ಗೆ ವಿಚಾರಿಸುವವರ ಸಂಖ್ಯೆ ಈಚೆಗೆ ಹೆಚ್ಚಿದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಬೆಟ್ಟಕ್ಕೆ ವಾರಾಂತ್ಯದ ನಸುಕಿನಲ್ಲಿ ವಾಹನಗಳ ಸಾಲು ಹತ್ತುತ್ತದೆ. ಬಂದವರಲ್ಲಿ ಬಹುಪಾಲು ಜನ ಸೂರ್ಯೋದಯ ನೋಡಿ, ಟಿಪ್ಪು ಡ್ರಾಪ್ ಎಂಬ ಪ್ರಪಾತದ ಬಳಿ ಫೋಟೊ ತೆಗೆಸಿಕೊಂಡು, ಕಾಫಿ ಕುಡಿದು ಕೆಳಗಿಳಿಯುತ್ತಾರೆ. ತಾವು ಒಂದು ಕೋಟೆಯ ಒಳಗೆ ಇದ್ದೆವು ಎಂಬುದೇ ಹಲವರಿಗೆ ತಿಳಿದಿರುವುದಿಲ್ಲ. ಬೆಟ್ಟದ ಒಂದು ಬದಿಯಲ್ಲಿ ಗೋಡೆಯ ಮೇಲೆ ಗೋಡೆ ಇದ್ದು ಇನ್ನೊಂದು ಬದಿಯಲ್ಲಿ ಅಷ್ಟು ಬಲವಾದ ಗೋಡೆ ಏಕಿಲ್ಲ, ಸುತ್ತಲಿನ ಸೀಮೆ ಒಣಗಿದ್ದಾಗಲೂ ನೆತ್ತಿಯ ಕಲ್ಯಾಣಿಯಲ್ಲಿ ನೀರು ಹೇಗೆ ನಿಲ್ಲುತ್ತದೆ, ಸೈನಿಕರಿದ್ದ ಜಾಗದಲ್ಲಿ ಗುಲಾಬಿ ತೋಟ ಬಂದದ್ದು ಯಾವಾಗ ಎಂಬ ಪ್ರಶ್ನೆಗಳಿಗೆ ದಾರಿಬದಿಯ ಫಲಕಗಳಲ್ಲಿ ಸಿಗುವ ಉತ್ತರ ಸಾಲದು. ಕೋಟೆಯನ್ನೂ ತೋಟವನ್ನೂ ಬೇರೆ ಬೇರೆಯಾಗಿ ನೋಡುವುದು ರೂಢಿ. ಆದರೆ ಎರಡನ್ನೂ ಅಲ್ಲಿ ನಿಲ್ಲಿಸಿದ್ದು ಎತ್ತರ, ಬಂಡೆ, ನೀರು ಎಂಬ ಅದೇ ಮೂರು ಸಂಗತಿಗಳಾದ್ದರಿಂದ ಇಲ್ಲಿ ಅವನ್ನು ಒಟ್ಟಿಗೇ ವಿವರಿಸಲಾಗಿದೆ.

ಗಿರಿದುರ್ಗ ಎಂದರೇನು

ನಮ್ಮ ಹಳೆಯ ರಾಜನೀತಿ ಗ್ರಂಥಗಳು ಕೋಟೆಗಳನ್ನು ಅವುಗಳಿಗೆ ರಕ್ಷಣೆ ಯಾವುದರಿಂದ ಸಿಗುತ್ತದೆ ಎಂಬುದರ ಮೇಲೆ ವಿಂಗಡಿಸುತ್ತವೆ. ನೀರು ಸುತ್ತುವರಿದಿದ್ದರೆ ಜಲದುರ್ಗ, ದಟ್ಟ ಕಾಡು ಕಾಯುತ್ತಿದ್ದರೆ ವನದುರ್ಗ, ಬೆಟ್ಟದ ಮೇಲಿದ್ದರೆ ಗಿರಿದುರ್ಗ. ಶ್ರೀರಂಗಪಟ್ಟಣ ಮೊದಲನೆಯದಕ್ಕೆ ಉದಾಹರಣೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ದೊಡ್ಡ ನದಿಯೂ ಇಲ್ಲ, ದಟ್ಟ ಕಾಡೂ ಕಡಿಮೆ. ಇರುವುದು ಬಯಲಿನ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಕಲ್ಲಿನ ಬೆಟ್ಟಗಳು. ಹಾಗಾಗಿ ಮಧುಗಿರಿ, ಪಾವಗಡ, ಮಿಡಿಗೇಶಿ, ಚನ್ನರಾಯನದುರ್ಗ, ಗುಡಿಬಂಡೆ, ನಂದಿ ಹೀಗೆ ಇಲ್ಲಿನ ಪಾಳೆಯಗಾರರು ಕಟ್ಟಿದ್ದು ಹೆಚ್ಚಾಗಿ ಗಿರಿದುರ್ಗಗಳನ್ನೇ.

ಕೋಟೆ ನೋಡಲು ಹೋಗುವವರು ಕೆಲವು ಪದಗಳನ್ನು ತಿಳಿದಿದ್ದರೆ ಅನುಕೂಲ. ಗೋಡೆಯಿಂದ ಹೊರಕ್ಕೆ ದುಂಡಗೆ ಅಥವಾ ಚೌಕವಾಗಿ ಚಾಚಿಕೊಂಡ ಭಾಗಕ್ಕೆ ಕೊತ್ತಲ ಅಥವಾ ಬುರುಜು ಎನ್ನುತ್ತಾರೆ. ನೇರ ಗೋಡೆಯ ಬುಡಕ್ಕೆ ಶತ್ರು ಬಂದು ಅಂಟಿಕೊಂಡರೆ ಮೇಲಿನಿಂದ ಅವನು ಕಾಣುವುದಿಲ್ಲ. ಗೋಡೆ ಅಲ್ಲಲ್ಲಿ ಹೊರಚಾಚಿದ್ದರೆ ಪಕ್ಕದಿಂದ ಗುರಿ ಇಡಬಹುದು, ಕೊತ್ತಲದ ಉಪಯೋಗ ಅದು. ಗೋಡೆಯ ನೆತ್ತಿಯಲ್ಲಿ ಹಲ್ಲಿನಂತೆ ಸಾಲಾಗಿ ಕಾಣುವವು ತೆನೆಗಳು. ಅವುಗಳ ಮರೆಯಲ್ಲಿ ಕಾವಲಿನವನು ನಿಲ್ಲುತ್ತಿದ್ದ. ತೆನೆಗಳಲ್ಲಿ ಕೊರೆದ ಸಣ್ಣ ರಂಧ್ರಗಳು ಬಂದೂಕಿನ ಕಂಡಿಗಳು. ಒಳಗೆ ನಿಂತು ಅವುಗಳ ಮೂಲಕ ನೋಡಿದರೆ ಕೆಲವು ಕಂಡಿಗಳು ಕೆಳಮುಖವಾಗಿ ಓರೆಯಾಗಿರುವುದು ತಿಳಿಯುತ್ತದೆ, ಏಕೆಂದರೆ ಗಿರಿದುರ್ಗದಲ್ಲಿ ಶತ್ರು ಬರುವುದು ಎದುರಿನಿಂದಲ್ಲ, ಕೆಳಗಿನಿಂದ. ಹೆಬ್ಬಾಗಿಲಿನ ಹೊರತಾಗಿ ಗೋಡೆಯ ಮೂಲೆಯಲ್ಲಿ ಒಬ್ಬರು ನುಸುಳುವಷ್ಟು ಸಣ್ಣ ಬಾಗಿಲು ಇದ್ದರೆ ಅದು ದಿಡ್ಡಿ ಬಾಗಿಲು. ಹೆಬ್ಬಾಗಿಲಿನ ದಾರಿಯೂ ನೇರವಾಗಿರುವುದಿಲ್ಲ. ತಿರುಗಿ ತಿರುಗಿ ಒಳಹೋಗಬೇಕು. ಓಡಿಬಂದು ಬಾಗಿಲಿಗೆ ಗುದ್ದುವ ಆನೆಗೂ ಮರದ ದಿಮ್ಮಿಗೂ ವೇಗ ಸಿಗದಿರಲಿ ಎಂಬ ಲೆಕ್ಕಾಚಾರ ಅದರ ಹಿಂದಿದೆ.

ಕೋಟೆ ಎಂದೊಡನೆ ಅರಮನೆಯನ್ನು ನಿರೀಕ್ಷಿಸಿ ಹೋದವರಿಗೆ ನಂದಿಯಲ್ಲಿ ಸ್ವಲ್ಪ ನಿರಾಸೆಯಾಗಬಹುದು. ಇಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ಚಿಕ್ಕದು: ಕಮಾನುಗಳು, ಬಣ್ಣದ ಚಿತ್ತಾರದ ಗೋಡೆ ಮತ್ತು ಚಾವಣಿ ಇರುವ ಎರಡು ಅಂತಸ್ತಿನ ಕಟ್ಟಡ. ಒಳಗೆ ಸಾಮಾನ್ಯವಾಗಿ ಬಿಡುವುದಿಲ್ಲ, ಹೊರಗಿನಿಂದಲೇ ನೋಡಬೇಕು. ಗಿರಿದುರ್ಗದಲ್ಲಿ ಅರಮನೆ ಚಿಕ್ಕದಿರುವುದು ಸಹಜವೇ. ಆಳುವವನ ಸಂಸಾರ, ದರ್ಬಾರು, ಪೇಟೆ ಎಲ್ಲವೂ ಕೆಳಗಿನ ಊರಿನಲ್ಲಿರುತ್ತಿದ್ದವು. ಬೆಟ್ಟ ಅಪಾಯದ ಕಾಲಕ್ಕೆ, ಬಿಸಿಲಿನ ಕಾಲಕ್ಕೆ.

ಬಂಡೆಯೇ ಅರ್ಧ ಗೋಡೆ

ನಂದಿ ಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಸುತ್ತಲಿನ ಬಯಲೇ 900 ಮೀಟರ್‌ನ ಆಸುಪಾಸಿನಲ್ಲಿರುವುದರಿಂದ ಬೆಟ್ಟ ಬಯಲಿನಿಂದ ಎದ್ದಿರುವುದು ಸುಮಾರು 550 ಮೀಟರ್. ಇದು ಗ್ರಾನೈಟ್ ಜಾತಿಯ ಬಂಡೆ. ಗ್ರಾನೈಟ್ ಭೂಮಿಯ ಆಳದಲ್ಲಿ, ಮೇಲಿನ ಪದರಗಳ ಭಾರೀ ಒತ್ತಡದಲ್ಲಿ ಗಟ್ಟಿಯಾಗುತ್ತದೆ. ಕೋಟ್ಯಂತರ ವರ್ಷಗಳಲ್ಲಿ ಮಳೆಗಾಳಿಗೆ ಮೇಲಿನ ಪದರಗಳು ಸವೆದುಹೋದಾಗ ಆ ಭಾರ ಕಡಿಮೆಯಾಗಿ ಬಂಡೆ ಹಿಗ್ಗುತ್ತದೆ; ಬಿಗಿದು ಕಟ್ಟಿದ ಹುಲ್ಲಿನ ಹೊರೆಯ ಹಗ್ಗ ಬಿಚ್ಚಿದಾಗ ಹೊರೆ ಸಡಿಲವಾಗಿ ಉಬ್ಬುವ ಹಾಗೆ. ಕಲ್ಲಿಗೆ ಹುಲ್ಲಿನಷ್ಟು ಮೆದುತನ ಇಲ್ಲದ ಕಾರಣ ಅದು ಮೇಲ್ಮೈಗೆ ಸಮಾನಾಂತರವಾಗಿ ಹಾಳೆಹಾಳೆಯಾಗಿ ಬಿರಿಯುತ್ತದೆ. ಟಿಪ್ಪು ಡ್ರಾಪ್ ಸುತ್ತಮುತ್ತ ಬೋಳು ಬಂಡೆಯ ಮೇಲೆ ಅಂಚು ಎದ್ದ ಚಪ್ಪಡಿಗಳನ್ನು ಗಮನಿಸಿದರೆ ಈ ಬಿರುಕುಗಳು ಕಣ್ಣಿಗೇ ಕಾಣುತ್ತವೆ.

ಕೋಟೆ ಕಟ್ಟುವವನಿಗೆ ಇದರಿಂದ ಎರಡು ಲಾಭಗಳಿದ್ದವು. ಚಪ್ಪಡಿಯಾಗಿ ಏಳುವ ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿದರೆ ಅದು ಇನ್ನಷ್ಟು ಸುಲಭವಾಗಿ ಬಿಡುತ್ತದೆ. ಸಾಲಾಗಿ ಸಣ್ಣ ಕುಳಿಗಳನ್ನು ಕೊರೆದು ಬೆಣೆ ಹೊಡೆದರೆ ಬೇಕಾದ ಅಳತೆಗೆ ಸೀಳುತ್ತದೆ. ಗೋಡೆಗೆ ಬೇಕಾದ ಕಲ್ಲನ್ನು ಹೀಗೆ ಗೋಡೆಯ ಪಕ್ಕದಲ್ಲೇ ಎಬ್ಬಿಸಬಹುದಿತ್ತು, ಬಯಲಿನಿಂದ ಹೊರಬೇಕಿರಲಿಲ್ಲ. ಹಳೆಯ ಗೋಡೆಗಳ ಹತ್ತಿರ ನಿಂತು ನೋಡಿದರೆ ಕೆಲವು ಕಲ್ಲುಗಳ ಅಂಚಿನಲ್ಲಿ ಗೇಣಿಗೊಂದರಂತೆ ಅರ್ಧ ಕತ್ತರಿಸಿದ ಕುಳಿಗಳ ಸಾಲು ಕಾಣುತ್ತದೆ. ಅದು ಕಲ್ಲುಕುಟಿಗರು ಬೆಣೆ ಇಟ್ಟ ಗುರುತು. ಎರಡನೆಯ ಲಾಭವೆಂದರೆ, ಹಾಳೆ ಕಳಚಿದ ಬದಿ ನುಣುಪಾದ ಕಡಿದಾದ ಇಳಿಜಾರಾಗಿ ಉಳಿಯುತ್ತದೆ. ಮನುಷ್ಯ ಹತ್ತಲಾಗದ ಕಡೆ ಗೋಡೆಗೆ ಖರ್ಚು ಮಾಡುವ ಅಗತ್ಯವಿಲ್ಲ. ನಂದಿದುರ್ಗ ಪಶ್ಚಿಮದ ಕಡೆಯಿಂದ ಮಾತ್ರ ದಾಳಿಗೆ ಎಟುಕುವಂತಿತ್ತು. ಆದ್ದರಿಂದಲೇ ಆ ಕಡೆ ಎರಡು ಸಾಲು ಗೋಡೆಗಳು.

ಟಿಪ್ಪು ಡ್ರಾಪ್ ಎಂಬ ಪ್ರಪಾತದಿಂದ ಕೈದಿಗಳನ್ನು ತಳ್ಳುತ್ತಿದ್ದರು ಎಂಬ ಕಥೆ ಜನಜನಿತವಾಗಿದೆ, ಮಾರ್ಗದರ್ಶಕರು ಅದನ್ನು ಸ್ವಾರಸ್ಯವಾಗಿ ಹೇಳುತ್ತಾರೆ. ಕೋಟೆಯ ರಚನೆ ಅರ್ಥವಾಗಬೇಕಾದರೆ ಆ ಕಥೆಗಿಂತ ಆ ಪ್ರಪಾತವೇ ಹೆಚ್ಚು ಉಪಯುಕ್ತ: ಅದು ಯಾರೂ ಕಟ್ಟದ, ಯಾವ ತೋಪಿಗೂ ಒಡೆಯಲಾಗದ ಗೋಡೆ.

ನೀರು ಎಲ್ಲಿಂದ ಬರುತ್ತದೆ

ಗಿರಿದುರ್ಗದ ಬಲ ಅಳೆಯಬೇಕಾದರೆ ಗೋಡೆಯ ದಪ್ಪಕ್ಕಿಂತ ಮೊದಲು ಅದರ ನೀರನ್ನು ನೋಡಬೇಕು. ಧಾನ್ಯವನ್ನು ಕಣಜದಲ್ಲಿ ತಿಂಗಳುಗಟ್ಟಲೆ ಕೂಡಿಡಬಹುದು, ನೀರು ಹಾಗಲ್ಲ. ಮುತ್ತಿಗೆ ಹಾಕಿದವರು ಕೆಳಗೆ ಕಾಯುತ್ತ ಕುಳಿತರೆ ಮೇಲಿರುವವರ ಕಾಲಾವಧಿಯನ್ನು ನಿರ್ಧರಿಸುವುದು ಕೊಳವೇ.

ನಂದಿಯ ನೆತ್ತಿಯಲ್ಲಿರುವ ಅಮೃತ ಸರೋವರ ನಾಲ್ಕೂ ಕಡೆಯಿಂದ ಮೆಟ್ಟಿಲಿಳಿಯುವ ಕಲ್ಯಾಣಿ. ಅದಕ್ಕೆ ಮಳೆನೀರಿನ ಜೊತೆಗೆ ಒರತೆಯ ಆಸರೆಯೂ ಇದೆ. ಬೆಟ್ಟದ ತುದಿಯಲ್ಲಿ ಒರತೆ ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಗ್ರಾನೈಟ್ ತಾನಾಗಿ ನೀರು ಹೀರುವುದಿಲ್ಲ. ಆದರೆ ಮೇಲೆ ವಿವರಿಸಿದ ಬಿರುಕುಗಳ ಮೂಲಕ ಮತ್ತು ಬಂಡೆಯ ಮೇಲಿನ ಮಣ್ಣಿನ ಹೊದಿಕೆಯ ಮೂಲಕ ಮಳೆನೀರು ಒಳಗಿಳಿದು, ಮುಂದೆ ಇಳಿಯಲು ದಾರಿ ಸಿಗದ ಕಡೆ ನಿಂತು, ತಗ್ಗು ಸಿಕ್ಕಲ್ಲಿ ನಿಧಾನವಾಗಿ ಜಿನುಗುತ್ತದೆ. ನೆತ್ತಿಯ ಮೇಲೆ ಮರಗಿಡಗಳೂ ತರಗೆಲೆಯ ಹಾಸೂ ಇದ್ದಷ್ಟು ಈ ಜಿನುಗು ಹೆಚ್ಚು ದಿನ ಉಳಿಯುತ್ತದೆ. ತೋಟಕ್ಕೂ ಕೋಟೆಗೂ ಇರುವ ಮೊದಲ ನಂಟು ಇದು.

ಇದೇ ನೀರು ಕೆಳಗಿಳಿದು ಬೇರೆ ಬೇರೆ ದಿಕ್ಕಿಗೆ ಹರಿಯುವುದರಿಂದ ನಂದಿ ಬೆಟ್ಟಸಾಲನ್ನು ನದಿಗಳ ತವರು ಎನ್ನುತ್ತಾರೆ. ಉತ್ತರ ಪಿನಾಕಿನಿ ಗೌರಿಬಿದನೂರಿನ ಮೂಲಕ ಆಂಧ್ರಕ್ಕೆ, ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೂಲಕ ತಮಿಳುನಾಡಿಗೆ, ಚಿತ್ರಾವತಿ ಬಾಗೇಪಲ್ಲಿಯ ಮೂಲಕ ಮತ್ತೆ ಆಂಧ್ರಕ್ಕೆ, ಅರ್ಕಾವತಿ ದಕ್ಷಿಣಕ್ಕೆ ಹರಿದು ಕಾವೇರಿಗೆ. ಪಾಲಾರ್ ಮತ್ತು ಪಾಪಾಗ್ನಿಗಳ ಮೂಲವನ್ನೂ ಈ ಬೆಟ್ಟಗಳ ಸೀಮೆಯಲ್ಲೇ ಗುರುತಿಸುತ್ತಾರೆ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಬಂದದ್ದು ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ಈಗ ಈ ನದಿಗಳು ಮಳೆ ಬಂದಾಗ ಮಾತ್ರ ಹರಿಯುತ್ತವೆ, ಮತ್ತು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೊಳವೆಯಲ್ಲಿ ತಂದು ಚಿಕ್ಕಬಳ್ಳಾಪುರ ಮತ್ತು ಕೋಲಾರದ ಕೆರೆಗಳಿಗೆ ಬಿಡಲಾಗುತ್ತಿದೆ. ನೀರಿನ ಹಾದಿ ತಿರುಗಿಬಿದ್ದಿರುವುದನ್ನು ಬೆಟ್ಟದ ಮೇಲಿನಿಂದ ನೋಡುವವರು ನೆನಪಿಡಬೇಕು, ಏಕೆಂದರೆ ಮುಂದೆ ಬರುವ ನೀಲಗಿರಿ ಮರದ ಪ್ರಸಂಗಕ್ಕೆ ಅದು ತಳಕು ಹಾಕಿಕೊಂಡಿದೆ.

ಬಂಡೆಯೊಳಗೆ ನೀರು ಇಳಿಯುವುದಕ್ಕೆ ಇನ್ನೊಂದು ಮುಖವೂ ಇದೆ. 2021ರ ಆಗಸ್ಟ್‌ನಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ಬೆಟ್ಟದ ರಸ್ತೆ ಕೊಚ್ಚಿಹೋಗಿ, ಪ್ರವಾಸಿಗರಿಗೆ ಕೆಲವು ತಿಂಗಳು ಪ್ರವೇಶ ಇರಲಿಲ್ಲ. ಇಳಿಜಾರು ಬಂಡೆಯ ಮೇಲೆ ಕುಳಿತಿರುವ ಮಣ್ಣು ನೀರು ಕುಡಿದು ಭಾರವಾದಾಗ, ಬಂಡೆಗೂ ಮಣ್ಣಿಗೂ ನಡುವಿನ ಹಿಡಿತ ಕಳಚಿ ಇಡೀ ಪದರ ಜಾರುತ್ತದೆ.

1791ರಲ್ಲಿ ಕೋಟೆ ಬಿದ್ದದ್ದು ಹೇಗೆ

ನಂದಿಯ ಮೇಲೆ ಕೋಟೆ ಕಟ್ಟಿದವರು ಚಿಕ್ಕಬಳ್ಳಾಪುರದ ಪಾಳೆಯಗಾರರು. 1760ರ ದಶಕದ ಆರಂಭದಲ್ಲಿ ಹೈದರ್ ಅಲಿ ಈ ಸೀಮೆಯನ್ನು ವಶಪಡಿಸಿಕೊಂಡ ಮೇಲೆ ಅವನೂ ಅವನ ಮಗ ಟಿಪ್ಪುವೂ ಗೋಡೆಗಳನ್ನು ಬಲಪಡಿಸಿದರು. ಕೋಟೆಯ ನಿಜವಾದ ಪರೀಕ್ಷೆ ನಡೆದದ್ದು ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ.

1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಕೈಗೆ ಸಿಕ್ಕಿತ್ತು. ಮೇ ತಿಂಗಳಲ್ಲಿ ಆತ ಶ್ರೀರಂಗಪಟ್ಟಣದ ಬಾಗಿಲಿನವರೆಗೆ ಹೋಗಿ, ಎತ್ತುಗಳು ಸತ್ತು, ದವಸ ಮುಗಿದು, ಭಾರದ ತೋಪುಗಳನ್ನು ತಾನೇ ನಾಶಮಾಡಿ ಹಿಂತಿರುಗಬೇಕಾಯಿತು. ಸೈನ್ಯಕ್ಕೆ ಬೇಕಾದ ಅಕ್ಕಿ, ಮೇವು, ಮದ್ದುಗುಂಡು ಬರುತ್ತಿದ್ದುದು ಮದರಾಸಿನ ಕಡೆಯಿಂದ ಮತ್ತು ಉತ್ತರಕ್ಕೆ ಇಂಗ್ಲಿಷರ ಮಿತ್ರನಾಗಿದ್ದ ಹೈದರಾಬಾದಿನ ನಿಜಾಮನ ಸೀಮೆಯಿಂದ. ಆ ದಾರಿಗಳ ಪಕ್ಕದ ಬೆಟ್ಟಗಳ ಮೇಲೆ ಟಿಪ್ಪುವಿನ ಕಾವಲು ಇರುವವರೆಗೆ ಬಂಡಿಗಳ ಸಾಲು ಸುರಕ್ಷಿತವಾಗಿ ಸಾಗುವಂತಿರಲಿಲ್ಲ. ಹಾಗಾಗಿ ಆ ವರ್ಷದ ಉಳಿದ ಅವಧಿಯನ್ನು ಆತ ಗಿರಿದುರ್ಗಗಳನ್ನು ಒಂದೊಂದಾಗಿ ಹಿಡಿಯುವುದಕ್ಕೆ ಕಳೆದ. ಗಿರಿದುರ್ಗ ಊರನ್ನಷ್ಟೇ ಕಾಯುವುದಿಲ್ಲ, ದಾರಿಯನ್ನೂ ಕಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ನಂದಿಯ ಮುತ್ತಿಗೆ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾಯಿತು. ಬಯಲಿನಲ್ಲಿ ತೋಪು ಇಟ್ಟರೆ ಗುಂಡು ಗೋಡೆಯನ್ನು ಮುಟ್ಟುವುದಿಲ್ಲವಾದ್ದರಿಂದ, ಇಳಿಜಾರಿನಲ್ಲಿ ಕಲ್ಲು ಪೊದೆಗಳ ನಡುವೆ ದಾರಿ ಕಡಿದು ತೋಪುಗಳನ್ನು ಮೇಲಕ್ಕೆ ಎಳೆಯಬೇಕಾಯಿತು. ಈ ಕೆಲಸಕ್ಕೇ ಮುತ್ತಿಗೆಯ ಹೆಚ್ಚಿನ ದಿನಗಳು ಹಿಡಿದವು. ಕೊನೆಗೆ ಗೋಡೆಯಲ್ಲಿ ಎರಡು ಕಡೆ ಬಿರುಕು ಬಿಟ್ಟಾಗ, ಜನರಲ್ ಮೆಡೋಸ್ ನೇತೃತ್ವದಲ್ಲಿ ಬೆಳುದಿಂಗಳಿನಲ್ಲಿ ಸೈನಿಕರು ನುಗ್ಗಿ, 1791ರ ಅಕ್ಟೋಬರ್ 19ರ ಬೆಳಗಿನೊಳಗೆ ಕೋಟೆ ವಶವಾಯಿತು. ಹತ್ತುತ್ತಿದ್ದವರನ್ನು ಬಂದೂಕಿಗಿಂತ ಹೆಚ್ಚಾಗಿ ಕಾಡಿದ್ದು ಮೇಲಿನಿಂದ ಉರುಳಿಸಿದ ಬಂಡೆಗಳು. ಕೋಟೆಯನ್ನು ಕಟ್ಟಲು ಎಬ್ಬಿಸಿದ ಅದೇ ಕಲ್ಲು ಅದರ ಕೊನೆಯ ಆಯುಧವೂ ಆಗಿತ್ತು. ಎರಡು ತಿಂಗಳ ನಂತರ, ಡಿಸೆಂಬರ್ 21ರಂದು, ಇನ್ನೂ ಕಡಿದಾದ ಸಾವನದುರ್ಗವೂ ಬಿದ್ದಿತು.

ಬೆಟ್ಟ ತಂಪಾಗಿರುವುದು ಏಕೆ, ಮಂಜು ಯಾವುದು, ಮೋಡ ಯಾವುದು

ಗೋಡೆಗಳ ಉಪಯೋಗ ಮುಗಿದ ಮೇಲೂ ಎತ್ತರದ ಉಪಯೋಗ ಮುಗಿಯಲಿಲ್ಲ. ಗಾಳಿ ಬಿಸಿಯಾಗುವುದು ಹೆಚ್ಚಾಗಿ ಬಿಸಿಲಿಗೆ ಕಾದ ನೆಲದಿಂದ; ನೆಲದಿಂದ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಈ ಲೆಕ್ಕದಂತೆ ಚಿಕ್ಕಬಳ್ಳಾಪುರ ಪಟ್ಟಣಕ್ಕಿಂತ ನಂದಿಯ ನೆತ್ತಿ ಮೂರೂವರೆ ಡಿಗ್ರಿಯಷ್ಟು ತಂಪಾಗಿರಬೇಕು, ಗಾಳಿ ಮತ್ತು ಮರದ ನೆರಳು ಸೇರಿ ಮೈಗೆ ಇನ್ನೂ ತಂಪೆನಿಸುತ್ತದೆ. ಮೈಸೂರು ಸಂಸ್ಥಾನದ ಕಮಿಷನರ್ ಆಗಿ 1834ರಿಂದ 1861ರವರೆಗೆ ಆಡಳಿತ ನಡೆಸಿದ ಮಾರ್ಕ್ ಕಬ್ಬನ್ ಇಲ್ಲಿ ಬೇಸಿಗೆ ಬಂಗಲೆ ಕಟ್ಟಿಸಿಕೊಂಡದ್ದು ಈ ತಂಪಿಗಾಗಿ. 1927ರಲ್ಲಿ ರಕ್ತದೊತ್ತಡದಿಂದ ಬಳಲಿದ್ದ ಮಹಾತ್ಮ ಗಾಂಧಿಯವರು ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ಇಲ್ಲಿಯೇ ವಿಶ್ರಾಂತಿ ಪಡೆದರು. 1936ರ ಮೇ ತಿಂಗಳಲ್ಲಿ ಮತ್ತೊಮ್ಮೆ ಬಂದಿದ್ದರು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ರಾಷ್ಟ್ರನಾಯಕರು ಇಲ್ಲಿಗೆ ಬಂದಿದ್ದರು.

ಬೆಳಗಿನ ಜಾವ ಪ್ರವಾಸಿಗರು ಹುಡುಕಿಕೊಂಡು ಬರುವ ‘ಮೋಡದ ಕಡಲು’ ಚಳಿಗಾಲದಲ್ಲಿ ಬಹುತೇಕ ಮೋಡವಲ್ಲ, ಬಯಲಿನ ಇಬ್ಬನಿ ಮಂಜು. ಆಕಾಶ ಶುಭ್ರವಾಗಿದ್ದು ಗಾಳಿ ನಿಂತ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿಯೂ ತಣ್ಣಗಾಗಿ ನೀರಿನ ಸಣ್ಣ ಹನಿಗಳಾಗುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿನಲ್ಲೇ ನಿಲ್ಲುತ್ತದೆ, ಬೆಟ್ಟದ ತುದಿ ಅದರ ಮೇಲೆ ಉಳಿಯುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಚಳಿಗಾಲದ ಬೆಳಗ್ಗೆ ವಿಮಾನಗಳು ತಡವಾಗುವುದಕ್ಕೂ ಇದೇ ಬಗೆಯ ಮಂಜು ಕಾರಣ. ಮಳೆಗಾಲದ್ದು ಬೇರೆ ಕಥೆ. ಆಗ ಮುಂಗಾರಿನ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲಕ್ಕೇರಿ, ತಣಿದು, ನೆತ್ತಿಯ ಮೇಲೇ ಮೋಡವಾಗುತ್ತದೆ. ಆಗ ಕಡಲನ್ನು ಮೇಲಿನಿಂದ ನೋಡುವ ಬದಲು ಅದರೊಳಗೇ ನಿಂತಿರುತ್ತೇವೆ, ಎದುರಿನ ಹತ್ತು ಮಾರು ಕಾಣಿಸದು. ಸೂರ್ಯೋದಯಕ್ಕೆಂದು ಜುಲೈನಲ್ಲಿ ಹೋದವರು ಸೂರ್ಯನನ್ನು ಕಾಣದೆ ಮರಳುವುದು ಇದರಿಂದಲೇ.

ಈ ಮೋಡವೇ ಎಲೆಗಳ ಮೇಲೆ ಹನಿಯಾಗಿ ತೊಟ್ಟಿಕ್ಕಿ ನೆತ್ತಿಯ ಕಾಡಿಗೆ ನೀರುಣಿಸುತ್ತದೆ. ಸುತ್ತ ಕುರುಚಲು ಇರುವ ಸೀಮೆಯಲ್ಲಿ ನೆತ್ತಿಯ ಮೇಲೆ ಮಾತ್ರ ಕಾಂಡಕ್ಕೆಲ್ಲ ಪಾಚಿ ಹತ್ತಿದ ಹಸಿರು ತುಣುಕು ಉಳಿದಿರುವುದು ಹಾಗೆ. ಕೆಳಗಿನ ಬಂಡೆ ಪೊದೆಗಳ ಇಳಿಜಾರಿನಲ್ಲಿ, ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಬದುಕುವ ಅಪರೂಪದ ಹಳದಿ ಕತ್ತಿನ ಪಿಕಳಾರ ಹಕ್ಕಿ ಇದೆ. ಪಕ್ಷಿವೀಕ್ಷಕರು ನಂದಿಗೆ ಬರುವುದಕ್ಕೆ ಅದೊಂದೇ ಸಾಕಾದ ಕಾರಣ.

ತೋಟ: ಎರಡು ಪರಂಪರೆ, ಒಂದು ಮರ

ನಂದಿಯ ಮೇಲಿನ ಹುಲ್ಲುಹಾಸು, ಹೂವಿನ ಪಾತಿ, ಸಿಲ್ವರ್ ಓಕ್ ಸಾಲುಗಳನ್ನು ನೋಡಿದಾಗ ಅವು ಎಂದಿನಿಂದಲೂ ಹಾಗೇ ಇದ್ದವೆಂದು ಅನಿಸುತ್ತದೆ. ವಾಸ್ತವದಲ್ಲಿ ಕೋಟೆಯ ತೋಟ ಎಂಬ ಕಲ್ಪನೆ ನಮ್ಮ ಸೀಮೆಗೆ ಎರಡು ದಾರಿಯಲ್ಲಿ ಬಂದಿದೆ.

ಮೊದಲನೆಯ ದಾರಿ ತುಮಕೂರು ಜಿಲ್ಲೆಯ ಸಿರಾ ಮೂಲಕ. ಸಿರಾ 17ನೆಯ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿಗಳ, 1687ರ ನಂತರ ಮೊಘಲರ ಪ್ರಾಂತ್ಯದ ಆಡಳಿತ ಕೇಂದ್ರವಾಗಿತ್ತು. ಅಲ್ಲಿನ ಸುಬೇದಾರರು ಬೆಳೆಸಿದ್ದ ತೋಟಕ್ಕೆ ಖಾನ್ ಬಾಗ್ ಎಂಬ ಹೆಸರು. ಮೊಘಲ್ ಮಾದರಿಯ ತೋಟವೆಂದರೆ ನೆಲವನ್ನು ಚೌಕಗಳಾಗಿ ಹಂಚಿ, ನಡುವೆ ನೇರ ಕಾಲುವೆ ಮತ್ತು ಕಾಲುಹಾದಿ ಇಟ್ಟು, ಅಂಚಿನಲ್ಲಿ ಹಣ್ಣಿನ ಮರ, ಒಳಗೆ ಹೂವು ಬೆಳೆಯುವುದು. ಬಿಸಿಲಿನ ನಾಡಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಕಾಲುವೆಯ ನೀರು ಪ್ರತಿ ಪಾತಿಗೂ ಇಳಿಜಾರಿನಲ್ಲೇ ಹರಿದು ತಲುಪುತ್ತದೆ. ಹೈದರ್ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮದ್ ಸಿರಾ ನವಾಬರ ಸೇವೆಯಲ್ಲಿದ್ದವನು. 1760ರಲ್ಲಿ ಹೈದರ್ ಬೆಂಗಳೂರಿನಲ್ಲಿ ಲಾಲ್‌ಬಾಗ್ ಆರಂಭಿಸುವುದಕ್ಕೆ ಸಿರಾದ ಖಾನ್ ಬಾಗ್ ಪ್ರೇರಣೆಯಾಗಿರಬೇಕು ಎಂಬ ಅಭಿಪ್ರಾಯ ಹಳೆಯ ಗೆಜೆಟಿಯರ್‌ಗಳ ಕಾಲದಿಂದಲೂ ಇದೆ. ಅಪ್ಪ ಕಂಡ ತೋಟವನ್ನು ಮಗ ದೊಡ್ಡದಾಗಿ ಮಾಡಿದ ಎಂದರೆ ನಂಬಲು ಕಷ್ಟವೇನಲ್ಲ.

ಎರಡನೆಯ ದಾರಿ ಇಂಗ್ಲಿಷರದು. ಅವರಿಗೆ ಬೆಟ್ಟದ ಊರು ಎಂದರೆ ತಮ್ಮ ದೇಶದ ನೆನಪು. ಹಾಗಾಗಿ ನೇರ ಕಾಲುವೆಗಳ ಬದಲು ಬಳುಕುವ ಹಾದಿ, ಚೌಕದ ಬದಲು ಏರಿಳಿತಕ್ಕೆ ಹೊಂದಿಸಿದ ಹುಲ್ಲುಹಾಸು, ಬಂಗಲೆಯ ಮುಂದೆ ಗುಲಾಬಿ. ಕಬ್ಬನ್ ಬಂಗಲೆ, ಅಂದರೆ ಇಂದಿನ ನೆಹರೂ ನಿಲಯದ ಸುತ್ತಲಿನ ವಿನ್ಯಾಸ ಈ ಬಗೆಯದು. ಇಂದು ನಂದಿಯಲ್ಲಿ ಕಾಣುವುದು ಹೆಚ್ಚಾಗಿ ಈ ಎರಡನೆಯ ಪರಂಪರೆಯ ಮುಂದುವರಿಕೆ, ಅದನ್ನು ನಂತರ ತೋಟಗಾರಿಕೆ ಇಲಾಖೆ ಬೆಳೆಸಿತು.

ಇವೆರಡರ ನಡುವೆ ನಿಂತಿರುವುದು ನೀಲಗಿರಿ ಮರ, ಮತ್ತು ನಂದಿಯ ತೋಟದಲ್ಲಿ ಇದರಷ್ಟು ಪರಿಣಾಮ ಬೀರಿದ ಗಿಡ ಇನ್ನೊಂದಿಲ್ಲ. ಭಾರತದಲ್ಲಿ ನೀಲಗಿರಿಯನ್ನು ಮೊದಲು ನೆಟ್ಟದ್ದು ಸುಮಾರು 1790ರಲ್ಲಿ, ನಂದಿ ಬೆಟ್ಟದ ತನ್ನ ಅರಮನೆಯ ತೋಟದಲ್ಲಿ, ಟಿಪ್ಪು ಸುಲ್ತಾನ್ ಎಂದು ಅರಣ್ಯಶಾಸ್ತ್ರದ ಬರಹಗಳು ಒಂದರ ಹಿಂದೊಂದು ಹೇಳುತ್ತ ಬಂದಿವೆ. ಇದನ್ನು ಓದುವಾಗ ಒಂದು ಎಚ್ಚರ ಒಳ್ಳೆಯದು. ನೀಲಗಿರಿ ಆಸ್ಟ್ರೇಲಿಯಾದ ಮರ. ಇಂಗ್ಲಿಷರು ಸಿಡ್ನಿಯಲ್ಲಿ ಮೊದಲ ವಸಾಹತು ಹೂಡಿದ್ದೇ 1788ರಲ್ಲಿ. ಎರಡೇ ವರ್ಷದಲ್ಲಿ ಅದರ ಬೀಜ ಇಂಗ್ಲಿಷರ ಶತ್ರುವಿನ ಕೈಗೆ ತಲುಪಿತೆಂದರೆ ಅದು ಬಹಳ ಶೀಘ್ರ. ಟಿಪ್ಪುವಿಗೆ ಫ್ರೆಂಚರ ಜೊತೆ ಸಂಪರ್ಕವಿತ್ತು, ವಿದೇಶಿ ಸಸಿ ಬೀಜಗಳನ್ನು ತರಿಸುವ ಹವ್ಯಾಸವೂ ಇತ್ತು, ಆದ್ದರಿಂದ ಅಸಾಧ್ಯವೆನ್ನಲಾಗದು. ಇಸವಿಯನ್ನು ಮಾತ್ರ ಅಂದಾಜೆಂದು ತಿಳಿಯುವುದು ಕ್ಷೇಮ.

ಬೀಜ ಯಾವಾಗ ಬಂದಿದ್ದರೂ ನಂತರ ನಡೆದದ್ದು ಸ್ಪಷ್ಟವಾಗಿದೆ. ಒಂದೇ ತೋಟದಲ್ಲಿ ಹಲವು ಜಾತಿಯ ನೀಲಗಿರಿಗಳು ಪಕ್ಕಪಕ್ಕದಲ್ಲಿ ಬೆಳೆದಾಗ ಅವುಗಳ ನಡುವೆ ಪರಾಗ ಬೆರೆತು ಮಿಶ್ರತಳಿ ಹುಟ್ಟುತ್ತದೆ. ನಂದಿಯ ಮರಗಳಿಂದ ಹೀಗೆ ಬಂದ, ಒಣಭೂಮಿಯಲ್ಲೂ ಬೇಗ ಬೆಳೆಯುವ ತಳಿಯೇ ‘ಮೈಸೂರು ಗಮ್’ ಎಂಬ ಹೆಸರಿನಿಂದ ದೇಶದ ಬಹುಭಾಗಕ್ಕೆ ಹರಡಿತು. 1970 ಮತ್ತು 80ರ ದಶಕಗಳಲ್ಲಿ, ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ, ಆಗಿನ ಅವಿಭಜಿತ ಕೋಲಾರ ಜಿಲ್ಲೆಯ ರೈತರು ರಾಗಿ ಹೊಲಗಳಲ್ಲೂ ನೀಲಗಿರಿ ತೋಪು ಎಬ್ಬಿಸಿದರು. ಕಾರಣಗಳು ಅರ್ಥವಾಗುವಂಥವು. ಎಲೆಯನ್ನು ದನ ಕುರಿ ಮುಟ್ಟುವುದಿಲ್ಲ, ಬೇಲಿ ಬೇಡ. ಕಳೆ ಕೀಳುವ ಆಳು ಬೇಡ. ಕಡಿದ ಮೇಲೆ ಮೋಟಿನಿಂದಲೇ ಮತ್ತೆ ಚಿಗುರುತ್ತದೆ, ಎರಡನೇ ಸಲ ನೆಡುವ ಖರ್ಚಿಲ್ಲ. ಕಾಗದದ ಕಾರ್ಖಾನೆಗೂ ಮನೆ ಕಟ್ಟುವವರ ಸಾರುವೆಗೂ ಮರದ ಗಳ ಮಾರಾಟವಾಗುತ್ತದೆ. ಪಟ್ಟಣಕ್ಕೆ ದುಡಿಯಲು ಹೋದ ರೈತನಿಗೆ ಹೊಲ ಬೀಳುಬಿಡುವುದಕ್ಕಿಂತ ಇದು ಲೇಸು.

ತೊಂದರೆ ಇದ್ದದ್ದು ಬೇರಿನಲ್ಲಿ. ವೇಗವಾಗಿ ಬೆಳೆಯುವ ಮರ ಅಷ್ಟೇ ವೇಗವಾಗಿ ನೀರು ಎಳೆಯುತ್ತದೆ, ಮತ್ತು ವರ್ಷವಿಡೀ ಎಲೆ ಉಳಿಸಿಕೊಳ್ಳುವ ನೀಲಗಿರಿ ಬೇಸಿಗೆಯಲ್ಲೂ ಮಣ್ಣಿನ ಆಳದಿಂದ ತೇವ ಹೀರುತ್ತಲೇ ಇರುತ್ತದೆ. ರಾಗಿ ಮಳೆಗಾಲದ ನಾಲ್ಕು ತಿಂಗಳು ನೀರು ಕುಡಿದು ಉಳಿದದ್ದನ್ನು ನೆಲಕ್ಕೆ ಬಿಡುತ್ತದೆ. ನೀಲಗಿರಿ ಉಳಿಸುವುದು ಕಡಿಮೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಸೀಮೆಯಲ್ಲಿ ಅಂತರ್ಜಲ ಕುಸಿತಕ್ಕೆ ನೀಲಗಿರಿಯೊಂದೇ ಕಾರಣವೆನ್ನುವುದು ಸರಿಯಲ್ಲ, ಕೊಳವೆಬಾವಿಗಳ ಪಾಲು ದೊಡ್ಡದು. ಆದರೂ ಅದರ ಪಾಲನ್ನು ತಳ್ಳಿಹಾಕುವಂತಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಬೆಟ್ಟದ ಮೇಲಿನ ಹಳೆಯ ನೀಲಗಿರಿಗಳು ಮಾತ್ರ ಇನ್ನೂ ನಿಂತಿವೆ: ತೊಗಟೆ ಉದ್ದುದ್ದ ಪಟ್ಟಿಗಳಾಗಿ ಸುಲಿದು ಬುಡದಲ್ಲಿ ಬಿದ್ದಿರುತ್ತದೆ, ಒಳಗಿನ ಕಾಂಡ ಬೂದಿ ಬಿಳುಪಾಗಿ ನುಣುಪಾಗಿರುತ್ತದೆ, ಎಲೆಯನ್ನು ಉಜ್ಜಿ ಮೂಸಿದರೆ ನೆಗಡಿಗೆ ಹಚ್ಚುವ ಎಣ್ಣೆಯ ವಾಸನೆ.

ಯಾವ ಕ್ರಮದಲ್ಲಿ ನೋಡಿದರೆ ಚೆನ್ನ

ಬೆಟ್ಟವನ್ನು ಬುಡದಿಂದ ನೋಡುತ್ತ ಹೋಗುವುದು ಉತ್ತಮ. ಕೆಳಗೆ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯ 9ನೆಯ ಶತಮಾನದಷ್ಟು ಹಳೆಯದು, ಕೋಟೆಗಿಂತ ಬಹಳ ಹಿಂದಿನದು. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳು ಅಕ್ಕಪಕ್ಕದಲ್ಲಿವೆ, ಅವುಗಳ ನಡುವಿನ ಕಲ್ಯಾಣ ಮಂಟಪದ ಕಂಬಗಳು ನಂತರದ ಕಾಲದ ಕುಸುರಿ. ಅಲ್ಲಿನ ಶೃಂಗಿತೀರ್ಥ ಎಂಬ ವಿಶಾಲ ಕಲ್ಯಾಣಿಯನ್ನು ನೋಡಿಕೊಂಡು ಮೇಲೆ ಹೋದರೆ ಅಮೃತ ಸರೋವರದ ಕಟ್ಟಡ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಸ್ಥಳೀಯರ ನಂಬಿಕೆಯಲ್ಲಿ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ನೆತ್ತಿಯ ಯೋಗನಂದೀಶ್ವರ ವಿರಕ್ತಿಯ ಸ್ಥಿತಿ. ಯೋಗನಂದೀಶ್ವರನಿಗೆ ಕಲ್ಯಾಣೋತ್ಸವ ಮುಂತಾದ ಸಂಭ್ರಮಗಳು ಇಲ್ಲದಿರುವುದಕ್ಕೆ ಇದೇ ಕಾರಣವೆನ್ನುತ್ತಾರೆ.

ಕಾಲಿನಲ್ಲಿ ಶಕ್ತಿಯಿದ್ದವರು ಸುಲ್ತಾನ್‌ಪೇಟೆಯ ಕಡೆಯಿಂದ ಹಳೆಯ ಮೆಟ್ಟಿಲುಗಳನ್ನು ಹತ್ತಬಹುದು. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿರುವ ಆ ದಾರಿಯಲ್ಲಿ ಬಂದರೆ ಕೋಟೆಯ ಗೋಡೆ ತಲೆಯ ಮೇಲೆ ಹೇಗೆ ಎದ್ದು ನಿಲ್ಲುತ್ತದೆಂಬುದು ಮುತ್ತಿಗೆಯವನ ಕಣ್ಣಿನಿಂದ ಕಾಣುತ್ತದೆ. ಕಾರಿನಲ್ಲಿ ಬಂದವರಿಗೆ ಈ ಅನುಭವ ಸಿಗದು. ಮೇಲೆ ತಲುಪಿದ ಮೇಲೆ ಗೋಡೆ, ಕಂಡಿ, ಟಿಪ್ಪುವಿನ ಅರಮನೆಗಳನ್ನು ಮೊದಲು ನೋಡಿ, ನಂತರ ಕಲ್ಯಾಣಿ, ಆಮೇಲೆ ತೋಟ, ಕೊನೆಗೆ ಪ್ರಪಾತ ಎಂದಿಟ್ಟುಕೊಂಡರೆ ಜನಜಂಗುಳಿಗೆ ವಿರುದ್ಧ ದಿಕ್ಕಿನಲ್ಲಿ ನಡೆದಂತಾಗಿ ಎಲ್ಲ ಕಡೆಯೂ ಸ್ವಲ್ಪ ಬಿಡುವು ಸಿಗುತ್ತದೆ. ವಾರಾಂತ್ಯದ ಪ್ರವೇಶ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದು ಓಡಾಡುವುದು ಬೇಡ, ಕೋತಿಗಳು ಬಿಡುವುದಿಲ್ಲ. ಮಳೆಯಲ್ಲಿ ನೆನೆದ ಬಂಡೆಯ ಮೇಲೆ ಪಾಚಿ ಜಾರುತ್ತದೆ, ಬೇಲಿ ದಾಟಿ ಅಂಚಿಗೆ ಹೋಗಬಾರದು.

ಒಂದೇ ದಿನದಲ್ಲಿ ಇನ್ನೊಂದು ಕೋಟೆಯನ್ನೂ ಹೋಲಿಸಿ ನೋಡುವ ಆಸೆಯಿದ್ದರೆ ಉತ್ತರಕ್ಕೆ ಗುಡಿಬಂಡೆ ಇದೆ. ಬೈರೇಗೌಡ ಎಂಬ ಪಾಳೆಯಗಾರ ಕಟ್ಟಿಸಿದ ಆ ಕೋಟೆಯಲ್ಲಿ ಬಂಗಲೆಯಾಗಲಿ ಹೂದೋಟವಾಗಲಿ ಬರಲೇ ಇಲ್ಲ. ಬಂಡೆಯ ತಗ್ಗುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಂಚಿದ ಮಳೆನೀರಿನ ಕೊಳಗಳು, ಒಂದು ತುಂಬಿದರೆ ಇನ್ನೊಂದಕ್ಕೆ ಇಳಿಯುವಂತೆ ಇನ್ನೂ ಹಾಗೇ ಇವೆ. ನಂದಿಯಲ್ಲಿ ಹುಲ್ಲುಹಾಸಿನ ಕೆಳಗೆ ಮರೆಯಾಗಿರುವ ಗಿರಿದುರ್ಗದ ಲೆಕ್ಕಾಚಾರ ಅಲ್ಲಿ ಬರಿಗಣ್ಣಿಗೆ ಸಿಗುತ್ತದೆ.